ತೈಮಿ ನುಡಿಸಿದ ನಿಧಾನದ ಟ್ಯಾಂಗೊ

ಸರೋವರದ ದಂಡೆಯ ನಮ್ಮ ಕುಣಿತದ ಚಪ್ಪರಕ್ಕೆ ಈಗ ಬೀಗ ಬಿದ್ದಿದೆ. ಹಲಗೆಗಳ ಸಂದಿಯಲ್ಲಿ ಹುಲ್ಲು ಎದ್ದಿದೆ. ಆದರೂ ನಡುಬೇಸಿಗೆಯ ಹಬ್ಬ ಬಂತೆಂದರೆ ನನ್ನ ಕಿವಿಯಲ್ಲಿ ತೈಮಿಯ ಅಕಾರ್ಡಿಯನ್ನೇ. ನಾನು ಅವಳ ಪಕ್ಕದಲ್ಲಿ ಕೂತು ಆಯುಷ್ಯವೆಲ್ಲ ಡ್ರಮ್ ಬಾರಿಸಿದವನು. ನನ್ನ ತಾಳ ತಪ್ಪಿದರೆ ಎಲ್ಲರೆದುರೇ ನಾಲಿಗೆ ಚಾಚಿ ಅಣಕಿಸುತ್ತಿದ್ದಳು.

ಹಗಲು ಅವಳದು ಅಂಚೆ ಹಂಚುವ ಕೆಲಸ. ಸಂಜೆ ಆ ಭಾರದ ವಾದ್ಯವನ್ನು ಎದೆಗೊತ್ತಿಕೊಂಡು ಕೂತಳೆಂದರೆ, ಮುನಿಸಿಕೊಂಡ ಗಂಡಹೆಂಡಿರೂ ಎದ್ದು ಟ್ಯಾಂಗೊ ಕುಣಿಯುತ್ತಿದ್ದರು. ಅವಳ ಗಂಡ ಇಲ್ಮರಿ ಮಾತ್ರ ಕುಣಿದವನಲ್ಲ. ತಾಳಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಬಾಗಿಲ ಬಳಿ ಕಾಫಿ ಮಾರುತ್ತಿದ್ದ.

ಹಿಂದೊಮ್ಮೆ ಅವಳ ಎಡ ಸ್ತನದಿಂದ ಕ್ಯಾನ್ಸರ್ ಗಂಟು ತೆಗೆದಿದ್ದರು. ಪೀಡೆ ತೊಲಗಿತು ಎಂದುಕೊಂಡಿದ್ದೆವು. ವರ್ಷಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂತು. ಈ ಸಲ ಮೊದಲು ವಿಕಿರಣ ಕೊಟ್ಟು ಗಂಟು ಕುಗ್ಗಿಸಿ, ಆಮೇಲೆ ಇಡೀ ಸ್ತನ ತೆಗೆಯುತ್ತೇವೆ ಎಂದರು ಡಾಕ್ಟರು. ವಸಂತವೆಲ್ಲ ತಾಂಪೆರೆ ನಗರದ ಆಸ್ಪತ್ರೆಗೆ ಬಸ್ಸಿನಲ್ಲಿ ಓಡಾಡಿದಳು. ವಿಕಿರಣ ಮುಗಿದು ಆಪರೇಷನ್ನಿಗೆ ಕಾಯುತ್ತಿದ್ದಾಗ ಹಬ್ಬ ಬಂತು. ಎದೆಯ ಚರ್ಮ ಕೆಂಪಾಗಿ ಸುಲಿದಿತ್ತು. ಅಂಗಿ ತಾಗಿದರೂ ಉರಿ. ಅಕಾರ್ಡಿಯನ್ ಎಲ್ಲಿಂದ ಹೊರುವುದು?

"ಈ ವರ್ಷ ರೆಕಾರ್ಡ್ ಹಾಕಿದ್ರಾಯ್ತು ಬಿಡು," ಎಂದೆ.

"ಹಾಕು. ನನ್ನ ಹೆಣದ ಮುಂದೆನೂ ಅದನ್ನೇ ಹಾಕು," ಎಂದು ಉರಿದುಬಿದ್ದಳು. ಆಮೇಲೆ ಮೆಲ್ಲಗೆ, "ಎಸ್ಕೊ, ಇದೇ ಕೊನೇ ಹಬ್ಬ ಆಗ್ಬಿಟ್ರೆ?"



ಹಬ್ಬದ ಸಂಜೆ ಇಲ್ಮರಿ ಕಾಫಿ ಬಿಟ್ಟು ವೇದಿಕೆ ಹತ್ತಿದ. ಅಕಾರ್ಡಿಯನ್ನನ್ನು ತನ್ನ ಎದೆಗೆ ಕಟ್ಟಿಕೊಂಡ. ತೈಮಿ ಅವನ ಬಲಕ್ಕೆ ಕೂತು ಕೀಗಳ ಮೇಲೆ ಬೆರಳಿಟ್ಟಳು. ತಿದಿ ಎಳೆಯುವವನು ಅವನು, ನುಡಿಸುವವಳು ಅವಳು.

ಮೊದಲ ಹಾಡು ಕೆಮ್ಮುತ್ತಾ ಬಂತು. ಜನ ನಕ್ಕರು.

"ಸೌದೆ ಕೊಯ್ತಿದೀಯೇನೋ? ಉಸಿರಾಡೋ ಹಾಗೆ ಎಳಿ ಮಾರಾಯಾ!" ಎಂದು ತೈಮಿ ಗಂಡನನ್ನು ಗದರಿದಳು.

"ಯಾರ ಉಸಿರು?"

"ನಂದು. ಇದೀನೋ ಇಲ್ವೋ ಅಂತ ಹಾಸಿಗೇಲಿ ಕಿವಿಗೊಟ್ಟು ಕೇಳ್ತೀಯಲ್ಲ, ಅದು. ನಂಗೊತ್ತಿಲ್ಲ ಅಂದ್ಕೊಂಡ್ಯಾ?"

ಇಲ್ಮರಿ ಅವಳ ಭುಜವನ್ನೇ ನೋಡಿದ. ಅದು ಏರಿದಾಗ ಎಳೆದ, ಇಳಿದಾಗ ಒತ್ತಿದ. ಟ್ಯಾಂಗೊ ಎಂದಿಗಿಂತ ನಿಧಾನವಾಯಿತು. ನಾನೂ ಹಾಗೇ ಬಾರಿಸಿದೆ. ಜನ ಹಾಗೇ ಕುಣಿದರು. ನಾನು ನಾಚಿಕೆಯಿಲ್ಲದೆ ಅತ್ತೆ.

ಆಪರೇಷನ್ ಆಯಿತು. ಮುಂದಿನ ಹಬ್ಬಕ್ಕೆ ತೈಮಿ ತಾನೇ ವೇದಿಕೆ ಹತ್ತಿ ಅಕಾರ್ಡಿಯನ್ನಿನ ಪಟ್ಟಿ ಬಿಗಿದುಕೊಂಡಳು.

"ನೋಡು ಎಸ್ಕೊ, ಈಗ ಎದೆಗೆ ಇನ್ನೂ ಹತ್ತಿರ ಕೂತ್ಕೊಳ್ಳುತ್ತೆ," ಎಂದು ನಕ್ಕಳು.

ಅದೇ ನಿಧಾನದ ಟ್ಯಾಂಗೊ ಎತ್ತಿಕೊಂಡಳು. ನಾನು ಬಾಗಿಲ ಕಡೆ ನೋಡಿದೆ. ಇಲ್ಮರಿಯ ಎಡಗೈ ಬರಿಗಾಳಿಯಲ್ಲಿ ತಿದಿ ಎಳೆಯುತ್ತಿತ್ತು. ಬಲಗೈಯಲ್ಲಿದ್ದ ಯಾರದೋ ಕಾಫಿ ಚೆಲ್ಲುತ್ತಿತ್ತು.