ಒಬ್ಬರ ಪರೀಕ್ಷೆಗೆ ಇಬ್ಬರು

ಬರ್ಲಿ ಅಕ್ಕನ ಗಂಡ ಓಡಿಸಲಾರದ ಗಾಡಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ. "ಕಣ್ಣಿಗೆ ಬಟ್ಟೆ ಕಟ್ಟಿ, ಸೂಜಿ ಕಣ್ಣಲ್ಲಿ ಲಾರಿ ತೂರಿಸ್ತೀನಿ!" ತೂರಿಸುತ್ತಿದ್ದದ್ದೂ ನಿಜವೇ. ಮದುವೆಯಾದ ವರ್ಷ ಕ್ಲೀನರ್ ಕೈಕೊಟ್ಟು ಹೋದ. ಆ ಜಾಗಕ್ಕೆ ಹತ್ತಿದ ಅಕ್ಕ ಮತ್ತೆ ಇಳಿಯಲಿಲ್ಲ. ಲಾರಿ ರಿವರ್ಸ್ ಬರುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಅವಳು ಕೂಗಿದರೆ ಲಾರಿಯೇನು, ಪಕ್ಕದ ಗೋಡೌನೂ ಎರಡಡಿ ಸರಿದು ಜಾಗ ಬಿಡುತ್ತಿತ್ತು. ಹೆಸರು ಬಂದದ್ದೇ ಹಾಗೆ.

ಈಗ ಇಬ್ಬರೂ ಬೇರೆ ದೇಶದಲ್ಲಿದ್ದರು. ಅಕ್ಕನಿಗೆ ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಹಬೆಯ ಜೊತೆ ಅಲ್ಲಿನ ಭಾಷೆಯೂ ಮೈಗೆ ಹತ್ತಿತ್ತು. ಗಂಡನಿಗೆ ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುವ ಕೆಲಸ ಸಿಗುವುದರಲ್ಲಿತ್ತು. ಸೋಮವಾರದೊಳಗೆ ಅಲ್ಲಿನ ಲೈಸೆನ್ಸ್ ತಂದರೆ ವ್ಯಾನು, ಇಲ್ಲವಾದರೆ ಒಲೆಯ ಮುಂದೆ ಟ್ರೇ ಹೊರುವುದು, ಎಂದಿದ್ದ ಮಾಲೀಕ.

ಅಲ್ಲಿ ಸ್ಟೇರಿಂಗ್ ಎಡಕ್ಕೆ, ಓಡಿಸುವುದು ರಸ್ತೆಯ ಬಲಕ್ಕೆ. ಅದನ್ನು ಕೇಳಿದಂದಿನಿಂದ ಗಂಡ ಅಂಡು ಸುಟ್ಟ ಬೆಕ್ಕಿನಂತಾದ. ಊಟಕ್ಕೆ ಕೂತರೆ ಮೇಜಿನಡಿ ಬ್ರೇಕು ತುಳಿದು ತುಳಿದು ನೆಲದಲ್ಲಿ ಗುಳಿ ಬಿತ್ತು. ಅಕ್ಕನಿಗೂ ನೆಮ್ಮದಿಯಿಲ್ಲ, ಯಾರದೋ ಅಂಗಿಯ ತೋಳಿಗೆ ಎರಡೆರಡು ಗೆರೆ ಬೀಳಿಸಿ ಬೈಸಿಕೊಂಡಳು.

"ರೀ, ಒಂದು ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನಂಗೆ ತಲೆ ತಿರುಗ್ತಿದೆ."

"ಭಯ ಯಾರಿಗೆ? ನನಗಾ?" ಎಂದು ತಿರುಗಿದವನು ಬಾಗಿಲಿಗೆ ಢೀ ಕೊಟ್ಟ.

ಶುಕ್ರವಾರ ಪರೀಕ್ಷೆ. ಭಾಷೆ ಬಾರದ ಗಂಡನಿಗೆ ಮಾತು ತಿಳಿಸಿ ಹೇಳಲು ಅಕ್ಕ ಹಿಂದಿನ ಸೀಟಿನಲ್ಲಿ ಕೂರಬಹುದು, ಸಹಾಯ ಮಾತ್ರ ಮಾಡಕೂಡದು, ಎಂದ ಪರೀಕ್ಷಕ. ಗಂಡ ಹಳೇ ಅಭ್ಯಾಸದಂತೆ ಬಲಗಡೆ ಬಾಗಿಲು ತೆಗೆದು ಪರೀಕ್ಷಕನ ತೊಡೆಯ ಮೇಲೇ ಕೂರಲು ಹೋದ. ಅದೊಂದು ಬಿಟ್ಟರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಓಡಿಸಿದ. ಉಳಿದದ್ದು ಒಂದೇ: ನಿಂತಿದ್ದ ಎರಡು ಕಾರುಗಳ ನಡುವೆ ರಿವರ್ಸಿನಲ್ಲಿ ನಿಲ್ಲಿಸುವುದು.

ಗೇರು ಬಿತ್ತು. ಕಾರು ಅಲುಗಲಿಲ್ಲ. ಗಂಡ ಕನ್ನಡಿಯಲ್ಲಿ ಹೆಂಡತಿಯ ಮುಖವನ್ನೇ ನೋಡುತ್ತ ಕೂತ. ಪರೀಕ್ಷಕ ಗಡಿಯಾರ ನೋಡಿದ. ಹಿಂದೆ ಯಾರೋ ಹಾರ್ನ್ ಹೊಡೆದರು. ಅಕ್ಕನ ಅಂಗಾಲಿನಲ್ಲಿ ಇರುವೆ ಹರಿದಂತಾಯಿತು. ಬಾಗಿಲು ತೆಗೆದದ್ದು ಅವಳಿಗೇ ತಿಳಿಯಲಿಲ್ಲ. ಕಾರಿನ ಹಿಂಭಾಗ ದಬದಬ ಬಡಿಯುತ್ತ, ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುವಂತೆ ಕೂಗಿದಳು: "ಬರ್ಲಿ, ಬರ್ಲಿ, ಸ್ಟೇರಿಂಗ್ ಸ್ವಲ್ಪ ಒಡೀರಿ, ಬರ್ಲೀ... ಸಾಕ್!"

ಕಾರು ಅಚ್ಚಿನಲ್ಲಿ ಎರಕ ಹೊಯ್ದಂತೆ ನಿಂತಿತು. ಪರೀಕ್ಷಕ ಇಳಿದು ಒಂದು ಸುತ್ತು ಬಂದ.

"ಇಷ್ಟು ಚೆನ್ನಾಗಿ ನಿಲ್ಲಿಸಿದ್ದನ್ನ ನಾನು ಈವರೆಗೆ ನೋಡಿಲ್ಲ. ಆದ್ರೆ ಲೈಸೆನ್ಸ್ ಕೊಡೋದು ಒಬ್ಬರಿಗೆ. ಫೇಲ್. ಮುಂದಿನ ತಿಂಗಳು ಬನ್ನಿ."

ಅದನ್ನೂ ಅಕ್ಕನೇ ಗಂಡನಿಗೆ ತಿಳಿಸಿ ಹೇಳಬೇಕಾಯಿತು.

ಸೋಮವಾರದಿಂದ ಟ್ರೇ ಹೊರುವುದು ಖಾಯಂ ಆಯಿತು. ಮನೆಯ ದಾರಿಯುದ್ದಕ್ಕೂ ಗಂಡ ಕುದಿದ. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲೇ! ಸುಮ್ನೆ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಸರಿ, ಮುಂದಿನ ತಿಂಗಳು ಪರೀಕ್ಷೆಗೆ ನಾನು ಕೂರ್ತೀನಿ," ಎಂದಳು ಅಕ್ಕ. "ನೀವು ಹಿಂದೆ ಕೂತ್ಕೊಂಡು, ಸುಮ್ನೆ ಕೂರೋದು ಹೇಗೆ ಅಂತ ತೋರಿಸ್ಕೊಡಿ."