ತಿರುವಿನಲ್ಲಿ ಇಳಿಯುವ ಅಕ್ಕ

ನಮ್ಮ ದೊಡ್ಡ ಭಾವ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಮೋಟಾರ್ ಸೈಕಲ್ ಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಕೆಟ್ಟು ನಿಂತ ಲಿಫ್ಟುಗಳನ್ನು ಓಡುವಂತೆ ಮಾಡುವುದು ಅವರ ಕೆಲಸ. ಒಳ್ಳೆಯ ಮನುಷ್ಯ. ಆದರೆ ಷಡ್ಡಕನ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮುಖ ಹರಳೆಣ್ಣೆ ಕುಡಿದವರ ಹಾಗಾಗುತ್ತದೆ. ಆ ಷಡ್ಡಕ ನನ್ನ ಎರಡನೇ ಅಕ್ಕನ ಗಂಡ, ಔಷಧಿ ಕಂಪನಿಯಲ್ಲಿ ಕೆಲಸ, ನನಗೆ ಚಿಕ್ಕ ಭಾವ. ಅವರು ಹೊಸ ಶರ್ಟು ಹಾಕಿದರೆ ಅದರ ಬಣ್ಣ ಯಾವಾಗ ಹೋದೀತು ಎಂದು ದೊಡ್ಡ ಭಾವ ಕಾಯುತ್ತಾರೆ.

ಟೈರಿನ ವಿಷಯದಲ್ಲಂತೂ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ದೊಡ್ಡ ಭಾವ ಹಾಕಿಸುತ್ತಿದ್ದುದು ಗಟ್ಟಿ ರಬ್ಬರಿನದು. ಬೆಲೆ ಕಡಿಮೆ, ಸವೆಯುವ ಮಾತೇ ಇಲ್ಲ. "ನಾನು ಹೋದ್ಮೇಲೂ ಇದು ಓಡ್ತಿರತ್ತೆ" ಎಂದು ಅದನ್ನು ತಟ್ಟುತ್ತಿದ್ದರು. ಒದ್ದೆ ರಸ್ತೆಯಲ್ಲಿ ಅದು ಜಾರುತ್ತದೆ ಎಂಬುದನ್ನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚಿಕ್ಕ ಭಾವನದು ಮೆತ್ತನೆಯ ರಬ್ಬರು. ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ದೊಡ್ಡ ಭಾವ ಮೂಗು ಮುರಿಯುತ್ತಿದ್ದರು.

ದೊಡ್ಡ ಭಾವನ ಮನೆಯ ದಾರಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಇಳಿಜಾರಿನ ಒಂದು ತಿರುವಿದೆ. ನುಣುಪು ಕಲ್ಲು ಹಾಸಿದ್ದಾರೆ. ಟ್ಯಾಂಕು ಸೋರಿ ಸೋರಿ ಅಲ್ಲಿ ಸದಾ ಒದ್ದೆ. ಮದುವೆಯಾದ ಹೊಸದರಲ್ಲಿ ಅಲ್ಲಿ ಗಾಡಿ ಜಾರಿತ್ತು. ಅಂದಿನಿಂದ ದೊಡ್ಡಕ್ಕ ತಿರುವಿನ ತುದಿಯಲ್ಲೇ ಇಳಿದು, ಕೈಚೀಲ ಹಿಡಿದು ನಡೆದು ಬರುತ್ತಾಳೆ. ಭಾವ ಕೆಳಗೆ ಎಂಜಿನ್ ಗುರುಗುಟ್ಟಿಸುತ್ತಾ ಕಾಯುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿತ್ತು, ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ಒಂದು ದಿನ ಅಕ್ಕ ಹಲ್ಲು ಕೀಳಿಸಿಕೊಂಡಳು. ಭಾವ ಎಲ್ಲೋ ಲಿಫ್ಟಿನ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಚಿಕ್ಕ ಭಾವನೇ ಅವಳನ್ನು ಕರೆತಂದರು. ಮನೆ ಬಾಗಿಲವರೆಗೆ, ಗಾಡಿಯ ಮೇಲೇ.

"ತಿರುವಲ್ಲಿ ಇಳೀಲಿಲ್ವಾ?" ಎಂದು ಸಂಜೆ ದೊಡ್ಡ ಭಾವ ಕೇಳಿದರು.

ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಭಯ ಆಗ್ಲಿಲ್ವಾ?"

ಅದಕ್ಕೂ ತಲೆಯಾಡಿಸಿದಳು. ಅಷ್ಟೇ. ಭಾವನಿಗೆ ಅಂದು ಊಟ ಸೇರಲಿಲ್ಲ. "ಇಷ್ಟು ವರ್ಷ ನನ್ನ ಹಿಂದೆ ಕೂತವಳು, ಅವನನ್ನ ಒಂದೇ ದಿನಕ್ಕೆ ನಂಬಿಬಿಟ್ಳಲ್ಲೋ" ಎಂದು ನನ್ನೆದುರು ಒದ್ದಾಡಿದರು. ನನಗೆ ನಗು ಬಂತು, ಮುಖ ನೋಡಿ ನುಂಗಿಕೊಂಡೆ.

ಮರುದಿನ ನನ್ನನ್ನೂ ಎಳೆದುಕೊಂಡು, ಚಿಕ್ಕ ಭಾವ ಹೋಗುವ ಟೈರ್ ಅಂಗಡಿಗೇ ಹೊರಟರು. ಅಂಗಡಿಯವನು ಸರಿಯಾಗಿಯೇ ಹೇಳಿದ: "ನೀವು ಊರೊಳಗೇ ದಿನಾ ಓಡಾಡೋರು. ಪೂರ್ತಿ ಮೆತ್ತಗಿನದು ಬೇಡ, ನಿಮ್ಮ ಓಡಾಟಕ್ಕೆ ಸವೆದು ಹೋಗತ್ತೆ. ನಡುವೆ ಗಟ್ಟಿ, ಅಂಚಲ್ಲಿ ಮೆತ್ತಗೆ ಇರೋದು ತಗೊಳ್ಳಿ. ನೇರಕ್ಕೆ ಬಾಳಿಕೆ ಬರತ್ತೆ, ತಿರುವಲ್ಲಿ ಹಿಡಿತ ಇರತ್ತೆ, ಬೆಲೇನೂ ಪರವಾಗಿಲ್ಲ."

"ನಮ್ಮ ಷಡ್ಡಕ ಹಾಕ್ಸಿರೋದು ಯಾವುದು?"

ಅಂಗಡಿಯವನು ತೋರಿಸಿದ.

"ಅದಕ್ಕಿಂತ ಮೆತ್ತಗಿನದು ಕೊಡಿ."

ಗಟ್ಟಿ ಟೈರಿನಲ್ಲಿ ವರ್ಷಗಳಿಂದ ಉಳಿಸಿದ್ದೆಲ್ಲ ಅಲ್ಲೇ ಕರಗಿತು. "ಹೊಸ ಟೈರಿನ ಮೈ ನುಣುಪಾಗಿರತ್ತೆ, ಸ್ವಲ್ಪ ದಿನ ನಿಧಾನಕ್ಕೆ ಓಡ್ಸಿ" ಎಂದು ಅಂಗಡಿಯವನು ಕೂಗಿದ್ದು ಭಾವನ ಬೆನ್ನಿಗೆ ಕೇಳಿಸಿರಬೇಕು, ಕಿವಿಗಂತೂ ಅಲ್ಲ. ಮನೆಗೆ ಬಂದವರೇ, ಷಡ್ಡಕನ ಟೈರಿಗಿಂತ ಹೊಳೆಯಬೇಕೆಂದು, ತಮ್ಮ ಕೆಲಸದ ಚೀಲದಿಂದ ಸ್ಪ್ರೇ ಡಬ್ಬಿ ತೆಗೆದು ಟೈರಿನ ಮೈಗೆಲ್ಲ ಹೊಡೆದು ಉಜ್ಜಿದರು. ಲಿಫ್ಟಿನ ಬಾಗಿಲು ಸಲೀಸಾಗಿ ಸರಿಯಲೆಂದು ಹಾಕುವ ಸ್ಪ್ರೇ ಅದು!

"ಭಾವ, ಅದು ಜಾರ್ಲಿ ಅಂತ ಹಾಕೋದಲ್ವಾ?"

"ಬಾಗಿಲು ಜಾರೋಕೆ ಕಣೋ. ಇದು ಟೈರು."

ಹೊಟ್ಟೆಕಿಚ್ಚಿನವರಿಗೆ ಬುದ್ಧಿ ಹೇಳಿ ಗೆದ್ದವರುಂಟೇ?

ಸಂಜೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು ತಿರುವಿಗೆ ಬಂದು, "ಇವತ್ತು ಇಳೀಬೇಡ" ಎಂದವರೇ ಗಾಡಿ ಬಾಗಿಸಿದರು. ಹಿಂದಿನ ಚಕ್ರ ಸರ್ರನೆ ಸರಿಯಿತು. ಇಬ್ಬರೂ ಕಲ್ಲಿನ ಮೇಲೆ ಬಿದ್ದರು. ಪುಣ್ಯಕ್ಕೆ ಅಕ್ಕನ ಮೊಣಕೈ ತರಚಿತು, ಅಷ್ಟೇ.

ನಾನು ಮುಲಾಮು ಹಚ್ಚುತ್ತಿದ್ದರೆ ಭಾವ ಟ್ಯಾಂಕಿಗೆ ಬೈದರು, ಕಲ್ಲಿಗೆ ಬೈದರು, ಅಂಗಡಿಯವನಿಗೆ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಷಡ್ಡಕನಿಗೆ ಬಂದರು: "ಅವನ ಟೈರಲ್ಲಿ ಅದೇನು ಮಂತ್ರ ಇದೆಯೋ!"

ಅಕ್ಕನ ಬಾಯಿ ಅಷ್ಟರಲ್ಲಿ ನೆಟ್ಟಗಾಗಿತ್ತು. "ಟೈರಲ್ಲಿ ಏನೂ ಇಲ್ಲ ರೀ. ಅವರು ತಿರುವಿಗೆ ಮುಂಚೆ ಗಾಡಿ ನಿಲ್ಸಿ, 'ಅಕ್ಕಾ, ಭಯ ಆಗತ್ತಾ?' ಅಂತ ಕೇಳಿದ್ರು. ಹೂಂ ಅಂದೆ. ಎರಡೂ ಕಾಲು ನೆಲಕ್ಕೆ ಊರ್ಕೊಂಡು ನಿಧಾನಕ್ಕೆ ಇಳಿಸಿದ್ರು. ನೀವು ಯಾವತ್ತಾದ್ರೂ ಕೇಳಿದೀರಾ?"

ಭಾವ ಎದ್ದು ಹೋಗಿ, ಸೋಪು ನೀರು ಹಾಕಿ ಟೈರು ತಿಕ್ಕತೊಡಗಿದರು.

ಮುಂದಿನ ಭಾನುವಾರ ನಾನು ಅವರ ಹಿಂದೆಯೇ ಸ್ಕೂಟರಿನಲ್ಲಿದ್ದೆ. ತಿರುವಿನ ತುದಿಯಲ್ಲಿ ಭಾವ ನಿಲ್ಲಿಸಿದರು. ಅಕ್ಕ ರೂಢಿಯಂತೆ ಒಂದು ಕಾಲು ಇಳಿಸಿದ್ದಳು.

"ಭಯ ಆಗತ್ತಾ?" ಎಂದು ಭಾವ ಹಿಂದಿರುಗಿ ನೋಡದೆ ಕೇಳಿದರು.

ಅಕ್ಕ "ಆಗತ್ತೆ" ಎಂದು, ಇಳಿಸಿದ್ದ ಕಾಲನ್ನು ಮೇಲೆತ್ತಿಕೊಂಡಳು.

ಭಾವ ಎರಡೂ ಕಾಲು ಊರಿ ಇಳಿಸಿದ ಆ ವೇಗಕ್ಕೆ ಊರುಗೋಲಿನ ಮುದುಕರೊಬ್ಬರು ನಮ್ಮನ್ನು ದಾಟಿ ಮುಂದೆ ಹೋದರು. ಕೆಳಗೆ ಬಂದ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು.

"ಹೇಳು, ಅವನು ಇಷ್ಟು ನಿಧಾನಕ್ಕೆ ಇಳಿಸಿದ್ನಾ?"

"ಇಲ್ಲ ಕಣ್ರೀ" ಎಂದಳು ಅಕ್ಕ.