ಒಂದು ಪಾಲಿಗೆ ಮೂರು ಪಾಲು ನೀರು

ಚುಂಗ್‌ಮುರೊ ಓಣಿಯ ಫಿಲ್ಮ್ ತೊಳೆಯುವ ಅಂಗಡಿಯಲ್ಲಿ ಸುನ್‌ಹೋನ ಸಂಬಳ ಅವನ ಬಾಡಿಗೆ ಕೋಣೆಯಷ್ಟೇ ಉದ್ದ: ಕಾಲು ಚಾಚಿದರೆ ಗೋಡೆ. ಆದರೂ ಡಾರ್ಕ್ ರೂಮಿನ ಮುಖ್ಯಸ್ಥ ಕೆಲಸ ಬಿಟ್ಟು ಬುಸಾನಿಗೆ ಹೊರಟಾಗ, ಆ ಜಾಗ ತನಗೇ ಎಂದು ಅವನು ಕನ್ನಡಿ ಮುಂದೆ ಗಂಭೀರ ಮುಖ ಮಾಡಿ ನೋಡಿಕೊಂಡ. ಮುಖ ಒಪ್ಪಲಿಲ್ಲ.

ನಂಬಿಕೆಗೆ ಕಾರಣವಿತ್ತು. ಎಲ್ಲರೂ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ ಸಮ ನೀರು ಬೆರೆಸಿ ಹತ್ತು ನಿಮಿಷ ಇಡುತ್ತಿದ್ದರು. ಮೂರು ಪಾಲು ನೀರು ಬೆರೆಸಿದರೆ ಬಿಳಿ ಉಡುಪಿನ ನೆರಿಗೆಯೂ ಕರಿ ಕೋಟಿನ ಹೊಲಿಗೆಯೂ ಒಟ್ಟಿಗೆ ಉಳಿಯುತ್ತವೆ. ಆದರೆ ಎಷ್ಟು ಹೊತ್ತು ಇಡಬೇಕು? ಬಲ ಅರ್ಧವಾದರೆ ಹೊತ್ತು ಇಮ್ಮಡಿ ಎಂಬ ಲೆಕ್ಕ ನಂಬಿ ಇಪ್ಪತ್ತು ನಿಮಿಷ ಇಟ್ಟು ಸುನ್‌ಹೋ ತನ್ನ ಸ್ವಂತ ಫಿಲ್ಮುಗಳನ್ನು ಮಸಿ ಮಾಡಿಕೊಂಡ. ಕೊನೆಗೆ ಹದಿನಾರು ನಿಮಿಷಕ್ಕೆ ಹದ ಸಿಕ್ಕಿತು.

ಅದನ್ನು ಹೇಳಿದ್ದು ಪಕ್ಕದ ಮೇಜಿನ ಉಕ್‌ಜಿನ್ ಅಣ್ಣನಿಗೆ ಮಾತ್ರ, ಒಂದು ರಾತ್ರಿ ಇಬ್ಬರೂ ಸೋಜು ಹೆಂಡ ಕುಡಿಯುತ್ತ ಕೂತಾಗ. "ನಿನ್ನ ತಲೆಗೆ ಏನ್ ಕೊಟ್ರೂ ಕಮ್ಮಿ ಕಣೋ, ತಿನ್ನು" ಎಂದು ಅಣ್ಣ ಸುಟ್ಟ ಹಂದಿಮಾಂಸದ ತುಂಡುಗಳನ್ನೆಲ್ಲ ಇವನ ತಟ್ಟೆಗೇ ಹಾಕಿದ್ದ.

ಸೋಮವಾರ ಅಂಗಡಿಯ ಒಡತಿ ಪ್ಯೋ ಮೇಡಂ ಎಲ್ಲರನ್ನೂ ಕರೆದರು. "ನಮ್ಮ ಉಕ್‌ಜಿನ್ ಹೊಸ ಹದ ಕಂಡುಹಿಡಿದಿದಾನೆ. ಇನ್ಮೇಲೆ ಅವನೇ ಮುಖ್ಯಸ್ಥ."

ಸುನ್‌ಹೋ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಕೈಗಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಆಮೇಲೆ ಕೇಳಿದ: "ಅಣ್ಣಾ, ಅದು ನಂದಲ್ವಾ?"

"ನಿಂದು ನಂದು ಅನ್ನೋದು ಯಾವಾಗಿಂದ ಶುರುವಾಯ್ತೋ? ನಾನು ಮೇಲೆ ಹೋದ್ರೆ ನಿನ್ನನ್ನೂ ಎಳ್ಕೊಳ್ಳಲ್ವಾ?"

ಎಳೆದುಕೊಂಡ, ಬೇಗನೇ. ಆ ವಾರ ಉಕ್‌ಜಿನ್ ಮದುವೆಯ ನಾಲ್ಕು ರೋಲುಗಳನ್ನು ಒಂದೇ ಡಬ್ಬಿಗೆ ಹಾಕಿ ಹದಿನಾರು ನಿಮಿಷ ಇಟ್ಟ. ಮದುಮಗಳು ಗಾಜಿನ ಮೇಲೆ ಬಿಟ್ಟ ಉಸಿರಿನಷ್ಟೇ ಮೂಡಿದಳು. ಅಷ್ಟು ತೆಳು ಬೆರಕೆಯಲ್ಲಿ ನಾಲ್ಕು ರೋಲಿಗೆ ಸಾಲುವಷ್ಟು ಡೆವಲಪರೇ ಇರುವುದಿಲ್ಲ, ಎರಡೇ ಹಾಕಬೇಕು. ಅದನ್ನು ಹೇಳುವ ಮೊದಲೇ ಸುನ್‌ಹೋ ಆ ರಾತ್ರಿ ಸೋಜು ಏರಿ ಮೇಜಿನ ಮೇಲೆ ಗೊರಕೆ ಹೊಡೆದಿದ್ದ.

"ಹದಿನಾರು ಅಂದಿದ್ದು ಇವ್ನೇ ಮೇಡಂ" ಎಂದ ಉಕ್‌ಜಿನ್.

"ಹೌದೇನೋ?"

"ಹೌದು" ಎಂದ ಸುನ್‌ಹೋ. ಹದ ಕಂಡುಹಿಡಿದವನು ಅಣ್ಣ, ಕೆಡಿಸಿದವನು ತಾನು! ಮೇಡಂ ಅವನನ್ನು ಡಾರ್ಕ್ ರೂಮಿನಿಂದ ಎತ್ತಿ ಕೌಂಟರಿಗೆ ಹಾಕಿದರು.

ಸಂಜೆ ಉಕ್‌ಜಿನ್ ಕಾಫಿ ಹಿಡಿದು ಅಲ್ಲಿಗೇ ಬಂದ. "ಬೇಜಾರ್ ಮಾಡ್ಕೋಬೇಡ ಕಣೋ. ಅಂದ ಹಾಗೆ, ತಪ್ಪಿದ್ದೆಲ್ಲಿ? ನಾಳೆ ಇನ್ನೊಂದು ಮದುವೆ ಫಿಲ್ಮ್ ಬರುತ್ತೆ."

ಹೇಳಬಾರದೆಂದುಕೊಂಡ ಸುನ್‌ಹೋ. ಆದರೆ ನಾಳಿನ ಮದುಮಗಳು ಇವನಿಗೇನು ಮಾಡಿದ್ದಳು?

"ಡಬ್ಬಿಗೆ ಎರಡೇ ಹಾಕಿ, ಸಾರ್."

"ಸಾರ್ ಅಂತೆ, ಸಾರ್!" ಉಕ್‌ಜಿನ್ ನಕ್ಕ.

ಸುನ್‌ಹೋ ನಗಲಿಲ್ಲ. ಗುರುತಿಲ್ಲದ ಗಿರಾಕಿಗಳಿಗೆ ಎಷ್ಟು ಬಗ್ಗುತ್ತಾನೋ ಅಷ್ಟೇ ಬಗ್ಗಿ ನಮಸ್ಕರಿಸಿದ.